ಜಾಲದಲ್ಲಿ ಬಂದ ದನಿ ಅದೇ ದನಿಯೇ?

ಪ್ರಾರ್ಥನಾ ಸ್ಥಳದಲ್ಲಿ ಒಬ್ಬರು ಆಡಿದ ಮಾತು ಈಗ ಅಂಕಿಗಳಾಗಿ ಬದಲಾಗಿ, ಕಂಪ್ಯೂಟರ್ ಜಾಲದ ಕೇಬಲಿನಲ್ಲಿ ಹಾದು, ಪಕ್ಕದ ಸಭಾಂಗಣದಲ್ಲೋ ಹೊರಗಿನ ಅಂಗಳದಲ್ಲೋ ಮತ್ತೆ ದನಿಯಾಗಿ ಹೊಮ್ಮುತ್ತದೆ. ಹಾಗೆ ಹೊಮ್ಮಿದ್ದು ಆಡಿದವರದೇ ದನಿಯೋ, ಅದರಂತೆಯೇ ಕೇಳಿಸುವ ಬೇರೊಂದು ದನಿಯೋ ಎಂಬುದು ತತ್ತ್ವದ ಪ್ರಶ್ನೆ. ಅದನ್ನು ಕೇಳಿ ಹೇಳಿದ ಆಮೆನ್, ಮಾಡಿದ ಸಜ್ದಾ, ಮುಗಿದ ಕೈ ಸಲ್ಲುತ್ತದೆಯೇ ಎಂಬುದು ಧರ್ಮದ ಪ್ರಶ್ನೆ. ಎರಡೂ ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಮೇಲೂ ಎರಡನೆಯದು ಹಾಗೆಯೇ ಉಳಿಯುತ್ತದೆ. ಇವೆರಡನ್ನು ಕಲಸಿಕೊಂಡದ್ದರಿಂದಲೇ ಈ ವಿಚಾರದಲ್ಲಿ ಬಹಳಷ್ಟು ಗೊಂದಲ ಹುಟ್ಟಿದೆ.

ಬೆಂಗಳೂರಿನ ದಂಡುಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳಲ್ಲಿ ಈ ಪ್ರಶ್ನೆ ದಿನನಿತ್ಯದ್ದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ತ್ರಿಪದಿಯ ಕವಿಯ ಹೆಸರು ಹೊತ್ತು ರೂಪುಗೊಂಡ ಸರ್ವಜ್ಞನಗರದಲ್ಲಿ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರ, ನಾಗವಾರಗಳ ದೇವಸ್ಥಾನ, ಮಸೀದಿ, ಚರ್ಚುಗಳು ಒಂದರ ಕೂಗಳತೆಯಲ್ಲಿ ಇನ್ನೊಂದು ಎಂಬಂತಿವೆ. ನಾಗವಾರದಲ್ಲಿ ಜನ ಅರೇಬಿಕ್ ಕಾಲೇಜು ಎಂದೇ ಕರೆಯುವ ದಾರುಲ್ ಉಲೂಮ್ ಸಬೀಲುರ್ ರಶಾದ್ ಇದೆ. ಬೆನ್ಸನ್ ಟೌನಿನಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬದಂದು ಒಳಗೆ ಹಿಡಿಸುವಷ್ಟು ಜನಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಹೊರಗಿನ ಬೀದಿಯಲ್ಲಿ ನಿಂತು ಬಲಿಪೂಜೆಯನ್ನು ಕೇಳುತ್ತಾರೆ. ಮಿಲ್ಲರ್ಸ್ ರಸ್ತೆಯ ಖುದ್ದೂಸ್ ಸಾಹೇಬ್ ಈದ್ಗಾದಲ್ಲಿ ಈದ್ ನಮಾಜಿನ ಸಾಲುಗಳು ಮೈದಾನ ಮೀರಿ ಹೊರಗೆ ಹಬ್ಬುತ್ತವೆ. ಆ ಸಾಲಿನ ಕೊನೆಯಲ್ಲಿರುವವರಿಗೆ ಇಮಾಮರು ಕಾಣುವುದಿಲ್ಲ; ಕೇಳಿಸುವುದಷ್ಟೇ. ಕೇಳಿಸುವುದೂ ಯಂತ್ರದ ಮೂಲಕ.

ಯಂತ್ರ ಮಾಡುವ ಕೆಲಸವನ್ನು ಸರಿಯಾಗಿ ತಿಳಿಯದೆ ಅದರ ಬಗ್ಗೆ ಧರ್ಮದ ತೀರ್ಪು ಹೇಳುವುದು ಸಲ್ಲದು. ಮೈಕಿನೊಳಗಿನ ತೆಳುಪೊರೆ ಗಾಳಿಯ ಒತ್ತಡಕ್ಕೆ ಕಂಪಿಸಿ, ಆ ಕಂಪನ ವಿದ್ಯುತ್ತಿನ ಏರಿಳಿತವಾಗುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಈ ಏರಿಳಿತವೇ ತಂತಿಯಲ್ಲಿ ಹರಿದು ಆಂಪ್ಲಿಫೈಯರನ್ನು ಮುಟ್ಟುತ್ತಿತ್ತು. ಡಿಜಿಟಲ್ ವ್ಯವಸ್ಥೆಯಲ್ಲಿ ಅದನ್ನು ಸೆಕೆಂಡಿಗೆ ಸಾಮಾನ್ಯವಾಗಿ 48,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 24 ಬಿಟ್‌ಗಳ ಸಂಖ್ಯೆಯಾಗಿ ಬರೆಯಲಾಗುತ್ತದೆ. ಒಂದು ಚಾನೆಲ್ಲಿಗೆ ಸೆಕೆಂಡಿಗೆ 11,52,000 ಬಿಟ್ ಆಯಿತು. ಅಳತೆ ಅಳತೆಗಳ ನಡುವೆ ದನಿ ಸೋರಿಹೋಗುತ್ತದೆ, ಹಾಗಾಗಿ ಡಿಜಿಟಲ್ ದನಿ ತುಂಡು ತುಂಡು ದನಿ ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಅದು ನಿಜವಲ್ಲ. ಅತಿ ಹೆಚ್ಚಿನ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಮೂಲ ಅಲೆಯನ್ನು ಪೂರ್ತಿಯಾಗಿ ಮತ್ತೆ ಪಡೆಯಬಹುದೆಂಬ ಪ್ರಮೇಯ ನೈಕ್ವಿಸ್ಟ್, ಕೊಟೆಲ್ನಿಕೋವ್, ಶಾನನ್ ಅವರ ಕೆಲಸದಿಂದ 1928ರಿಂದ 1949ರ ನಡುವೆ ಸ್ಥಿರವಾಯಿತು. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್. 48,000ದ ಅಳತೆಗೆ ಅದು ಪೂರಾ ಒಳಪಡುತ್ತದೆ.

ಈ ಸಂಖ್ಯೆಗಳು ಪ್ಯಾಕೆಟ್ಟುಗಳಾಗಿ ಕಟ್ಟಿಕೊಂಡು ಸಾಮಾನ್ಯ ಈಥರ್ನೆಟ್ ಕೇಬಲಿನಲ್ಲಿ ಹೋಗುತ್ತವೆ. 1996ರಲ್ಲಿ ಬಂದ ಕೋಬ್ರಾನೆಟ್ ಈ ದಾರಿಯ ಮೊದಲಿಗರಲ್ಲೊಂದು. ಸಿಡ್ನಿಯ ಆಡಿನೇಟ್ ಕಂಪನಿಯ ಡಾಂಟೆ ಇಂದು ಹೆಚ್ಚು ಬಳಕೆಯಲ್ಲಿದೆ. ಬೇರೆ ಬೇರೆ ತಯಾರಕರ ಉಪಕರಣಗಳು ಪರಸ್ಪರ ಮಾತಾಡುವಂತೆ ಮಾಡಲು 2013ರಲ್ಲಿ ಎಇಎಸ್67 ಎಂಬ ಮಾನಕ ಬಂತು. ಅದರಲ್ಲಿ ಒಂದು ಪ್ಯಾಕೆಟ್ಟಿನ ರೂಢಿಯ ಅಳತೆ ಒಂದು ಮಿಲಿಸೆಕೆಂಡ್, ಅಂದರೆ 48 ಸ್ಯಾಂಪಲ್. ಅಳವಡಿಸುವವರು ಪಾಲಿಸಬೇಕಾದ ನಿಯಮಗಳು ಹೆಚ್ಚಿಲ್ಲ, ಆದರೆ ಒಂದನ್ನೂ ಬಿಡುವಂತಿಲ್ಲ. ಗಿಗಾಬಿಟ್ ಸ್ವಿಚ್ ಇರಬೇಕು. ವಿದ್ಯುತ್ ಉಳಿಸಲು ಪೋರ್ಟನ್ನು ಆಗಾಗ ಮಲಗಿಸುವ ಸೌಲಭ್ಯವನ್ನು ಆರಿಸಿಡಬೇಕು. ಗಡಿಯಾರದ ಪ್ಯಾಕೆಟ್ಟಿಗೆ ಮೊದಲ ಆದ್ಯತೆ, ದನಿಯ ಪ್ಯಾಕೆಟ್ಟಿಗೆ ಎರಡನೆಯದು, ಉಳಿದದ್ದೆಲ್ಲ ಆಮೇಲೆ. ತಾಮ್ರದ ಕೇಬಲ್ ನೂರು ಮೀಟರ್ ಮೀರಬಾರದು. ಅದಕ್ಕಿಂತ ದೂರವಾದರೆ ಫೈಬರ್ ಎಳೆಯಬೇಕು. ದನಿಯನ್ನು ವೈಫೈಗೆ ಒಪ್ಪಿಸಬಾರದು. ಕಚೇರಿಯ ಕಂಪ್ಯೂಟರುಗಳೂ ಸಿಸಿಟಿವಿಯೂ ಓಡುವ ಜಾಲಕ್ಕೇ ಇದನ್ನೂ ಸಿಕ್ಕಿಸಿದರೆ ಹಬ್ಬದ ದಿನವೇ ಕೈಕೊಡುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಗಡಿಯಾರ. ಪ್ರತಿ ಉಪಕರಣದಲ್ಲೂ ಕಾಲವನ್ನು ಎಣಿಸುವ ಸ್ಫಟಿಕವೊಂದು ಇರುತ್ತದೆ, ಮತ್ತು ಯಾವ ಎರಡು ಸ್ಫಟಿಕಗಳೂ ಸರಿಸಮನಾಗಿ ಮಿಡಿಯುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ಅಂತರವಿದ್ದರೂ ಸೆಕೆಂಡಿಗೆ ಸುಮಾರು ಒಂದು ಸ್ಯಾಂಪಲ್ ಹೆಚ್ಚೋ ಕಡಿಮೆಯೋ ಆಗುತ್ತದೆ. ಹೊತ್ತು ಕಳೆದಂತೆ ಚಿಟಪಟ ಸದ್ದು ಏಳುತ್ತದೆ. ಆದ್ದರಿಂದ ಜಾಲದ ಉಪಕರಣಗಳೆಲ್ಲ ತಮ್ಮೊಳಗೆ ಒಂದನ್ನು ಮುಂದಾಳಾಗಿ ಆರಿಸಿಕೊಂಡು ಅದರ ಕಾಲವನ್ನು ಅನುಸರಿಸುತ್ತವೆ. ಐಇಇಇ 1588 ಎಂಬ ಮಾನಕ ಇದಕ್ಕೆ ಆಧಾರ. 2002ರದು ಮೊದಲ ಆವೃತ್ತಿ, 2008ರದು ಎರಡನೆಯದು. ಡಾಂಟೆ ಮೊದಲನೆಯದನ್ನೂ ಎಇಎಸ್67 ಎರಡನೆಯದನ್ನೂ ಆಧರಿಸಿರುವುದರಿಂದ, ಎರಡನ್ನೂ ಒಂದೇ ಜಾಲದಲ್ಲಿ ಬೆರೆಸುವಾಗ ಎರಡು ಮುಂದಾಳುಗಳು ಎದ್ದು ನಿಲ್ಲದಂತೆ ಎಚ್ಚರ ಬೇಕು. ಉಪಕರಣಗಳ ನಡುವೆ ಮೈಕ್ರೋಸೆಕೆಂಡಿನ ಆಸುಪಾಸಿನವರೆಗೆ ಕಾಲದ ಒಮ್ಮತ ಇಲ್ಲದಿದ್ದರೆ ದನಿಯೇ ಇಲ್ಲ. ಧರ್ಮದ ಪ್ರಶ್ನೆಗೂ ಈ ಸಂಗತಿಗೂ ಹತ್ತಿರದ ನಂಟಿದೆ.

ಇಲ್ಲಿಂದ ತತ್ತ್ವದ ಪ್ರಶ್ನೆ. ಭಾರತೀಯ ದರ್ಶನಗಳು ಧ್ವನಿವರ್ಧಕ ಹುಟ್ಟುವುದಕ್ಕೆ ಬಹಳ ಹಿಂದೆಯೇ ಇದನ್ನು ಕೂಲಂಕಷವಾಗಿ ಚರ್ಚಿಸಿದ್ದವು. ನ್ಯಾಯ–ವೈಶೇಷಿಕರ ಪ್ರಕಾರ ಶಬ್ದ ಆಕಾಶದ ಗುಣ. ಸಂಯೋಗದಿಂದಲೋ ವಿಭಾಗದಿಂದಲೋ ಹುಟ್ಟಿದ ಮೊದಲ ಶಬ್ದ ಎರಡನೆಯದನ್ನು ಹುಟ್ಟಿಸಿ ಅಳಿಯುತ್ತದೆ, ಎರಡನೆಯದು ಮೂರನೆಯದನ್ನು. ಹೀಗೆ ಸರಣಿ ಸಾಗಿ ಕಿವಿಯ ಆಕಾಶದಲ್ಲಿ ಹುಟ್ಟಿದ ಕೊನೆಯ ಶಬ್ದವಷ್ಟೇ ಕೇಳುಗನಿಗೆ ದಕ್ಕುತ್ತದೆ. ನೀರಿನ ಅಲೆ ಒಂದರ ಹಿಂದೊಂದು ಏಳುವಂತೆ ಎಂದು ಕೆಲವರು, ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಮ್ಮೆಲೇ ಅರಳುವಂತೆ ಎಂದು ಕೆಲವರು ಇದನ್ನು ವಿವರಿಸಿದರು. ಈ ನೋಟವನ್ನು ಒಪ್ಪಿದರೆ ಆಗುವ ಪರಿಣಾಮ ದೊಡ್ಡದು: ಗುರುವಿನ ಎದುರೇ ಕೂತ ಶಿಷ್ಯ ಕೂಡ ಗುರುವಿನ ಬಾಯಲ್ಲಿ ಹುಟ್ಟಿದ ಶಬ್ದವನ್ನು ಎಂದೂ ಕೇಳಿಲ್ಲ. ಅವನು ಕೇಳಿದ್ದು ಅದರ ವಂಶದ ಕೊನೆಯ ಕುಡಿಯನ್ನು. ಹಾಗಿರುವಾಗ ನಡುವೆ ತಾಮ್ರವೋ ಗಾಜಿನ ಎಳೆಯೋ ಬಂದರೆ ಸರಣಿಯ ಕೊಂಡಿಗಳು ಬದಲಾದವೇ ಹೊರತು ಹೊಸ ಬಗೆಯ ದೂರವೇನೂ ಹುಟ್ಟಲಿಲ್ಲ. ‘ಅದೇ ಗಕಾರ’ ಎಂದು ಗುರುತಿಸುವುದು ಜಾತಿಯ ಸಾಮ್ಯದಿಂದ ಎನ್ನುತ್ತಾರೆ ನೈಯಾಯಿಕರು. ಆ ಸಾಮ್ಯವನ್ನು ಜಾಲ ಕೆಡಿಸುವುದಿಲ್ಲ.

ಮೀಮಾಂಸಕರು ಎದುರು ಪಕ್ಷ. ಅವರಿಗೆ ವರ್ಣ ನಿತ್ಯ; ಉಚ್ಚಾರಣೆ ಅದನ್ನು ಹುಟ್ಟಿಸುವುದಿಲ್ಲ, ಪ್ರಕಟಿಸುತ್ತದೆ. ಬಾಯಿಂದ ಹೊರಟ ಗಾಳಿಯ ಸಂಯೋಗ ವಿಭಾಗಗಳು ವೇಗ ಇರುವಷ್ಟು ದೂರ ಹರಡಿ, ಇದ್ದದ್ದನ್ನೇ ಅಲ್ಲಲ್ಲಿ ತೋರಿಸುತ್ತವೆ. ಒಂದೇ ವರ್ಣ ಹಲವು ಕಡೆ ಒಮ್ಮೆಗೇ ಕೇಳಿಸುವುದು ಹೇಗೆ ಎಂಬ ಆಕ್ಷೇಪಕ್ಕೆ ಜೈಮಿನಿ ಕೊಟ್ಟ ಉತ್ತರ ಸೂರ್ಯ: ಒಬ್ಬನೇ ಸೂರ್ಯ ಹಲವು ಊರುಗಳಲ್ಲಿ ಒಂದೇ ಹೊತ್ತಿಗೆ ಕಾಣುತ್ತಾನೆ. ಇಂದಿನ ಜಾಲದಲ್ಲಿ ಮಲ್ಟಿಕಾಸ್ಟ್ ಎಂಬ ಕ್ರಮವಿದೆ. ಮೂಲ ಉಪಕರಣ ಒಂದೇ ಪ್ಯಾಕೆಟ್ ಕಳಿಸುತ್ತದೆ. ಬೇಕೆಂದ ಪ್ರತಿಯೊಂದು ಸ್ಪೀಕರಿಗೂ ಸ್ವಿಚ್ಚು ಅದರ ಪ್ರತಿ ಮಾಡಿ ಕೊಡುತ್ತದೆ. ಎಚ್ಚರದಿಂದ ಅಳವಡಿಸಿದ ಕಡೆ ಪ್ರತಿ ಪ್ಯಾಕೆಟ್ಟೂ ಎರಡು ಪ್ರತ್ಯೇಕ ಜಾಲಗಳಲ್ಲಿ ಏಕಕಾಲಕ್ಕೆ ಹೊರಡುತ್ತದೆ. ಯಾವುದು ಮೊದಲು ಬಂತೋ ಅದನ್ನು ಸ್ಪೀಕರು ಬಳಸುತ್ತದೆ, ಇನ್ನೊಂದನ್ನು ಬಿಸಾಡುತ್ತದೆ. ಒಂದು ಕೇಬಲ್ ತುಂಡಾದರೂ ಕೇಳುಗನಿಗೆ ಗೊತ್ತೇ ಆಗುವುದಿಲ್ಲ. ದನಿಯ ‘ತಾನುತನ’ ಹೊತ್ತು ತಂದ ವಸ್ತುವಿನಲ್ಲಿ ಇದ್ದಿದ್ದರೆ ಈ ಎರಡು ಪ್ರತಿಗಳಲ್ಲಿ ಯಾವುದು ಆಚಾರ್ಯರ ದನಿ, ಯಾವುದು ಅಲ್ಲ ಎಂದು ಹೇಳಬೇಕಾಗುತ್ತಿತ್ತು. ಹಾಗೆ ಹೇಳಲು ಯಾರಿಗೂ ಆಗದು. ಇಲ್ಲಿ ಮೀಮಾಂಸಕರ ವಾದ ಬಲವಾಗಿ ನಿಲ್ಲುತ್ತದೆ.

ಕನ್ನಡಕ್ಕೆ ತನ್ನದೇ ಒಂದು ಮೂರನೆಯ ನಿಲುವು ಇದೆ. ಅದು ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ್ದು. ಜೀವದ ಇಷ್ಟದಿಂದ, ಅನುಕೂಲವಾದ ವಾಯುವಿನಿಂದ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ, ಅದರ ಕಾರ್ಯವೇ ಶಬ್ದ ಎಂದು ಆತ ಹೇಳುತ್ತಾನೆ. ಆಕಾಶದ ಗುಣ ಎನ್ನದೆ ದ್ರವ್ಯ ಎಂದದ್ದರಲ್ಲಿ ಜೈನ ದರ್ಶನದ ಗುರುತಿದೆ. ಜೈನರ ಪ್ರಕಾರ ಶಬ್ದ ಪುದ್ಗಲ. ಆಡುವವನು ಭಾಷೆಗೆ ತಕ್ಕ ಕಣಗಳನ್ನು ತೆಗೆದುಕೊಂಡು, ಮಾತಾಗಿ ಪರಿಣಮಿಸಿ, ಹೊರಬಿಡುತ್ತಾನೆ. ಆವಶ್ಯಕ ನಿರ್ಯುಕ್ತಿಯ ಪರಂಪರೆ ಇದಕ್ಕಿಂತ ಸೂಕ್ಷ್ಮವಾದ ಮಾತೊಂದನ್ನು ಆಡುತ್ತದೆ. ಆಡುವವನ ನೇರ ಸಾಲಿನಲ್ಲಿರುವವನು ಕೇಳುವುದು ಮಿಶ್ರ ಶಬ್ದ: ಆಡಿದವನ ಕಣಗಳೂ ಅವು ತಾಗಿ ಎಬ್ಬಿಸಿದ ಬೇರೆ ಕಣಗಳೂ ಕೂಡಿದ್ದು. ಸಾಲು ತಪ್ಪಿ ಕೂತವನು ಕೇಳುವುದು ತಾಗಿ ಎದ್ದ ಕಣಗಳನ್ನು ಮಾತ್ರ. ಕಂಬದ ಮರೆಯಲ್ಲಿ ಕೂತವನದೂ ಮುಂದಿನ ಸಾಲಿನವನದೂ ಒಂದೇ ಬಗೆಯ ಕೇಳುವಿಕೆ ಅಲ್ಲ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ದರ್ಶನ ಇನ್ನೊಂದಿಲ್ಲ. ಆದರೂ ಸಾಲು ತಪ್ಪಿದವನು ಕೇಳಿದ್ದನ್ನು ಅದು ಶಬ್ದವಲ್ಲ ಎನ್ನುವುದಿಲ್ಲ. ಕೇಶಿರಾಜನ ಮಾತಿನಲ್ಲಿ ಮತ್ತೊಂದು ಅಂಶವೂ ಇದೆ: ಶಬ್ದಕ್ಕೆ ಮೊದಲ ಕಾರಣ ಜೀವದ ಇಷ್ಟ. ಸ್ಪೀಕರಿಗೆ ಇಷ್ಟವಿಲ್ಲ. ಕೇಬಲಿಗೂ ಇಲ್ಲ. ಅವು ಎಷ್ಟು ಇದ್ದರೂ ಇಷ್ಟ ಒಬ್ಬರದೇ ಆದ್ದರಿಂದ ಮಾತು ಅವರದೇ. ಮೂರು ದರ್ಶನಗಳು ಮೂರು ದಾರಿ ಹಿಡಿದರೂ ತಲುಪುವ ಜಾಗ ಹತ್ತಿರ ಹತ್ತಿರದ್ದೇ: ಜಾಲದಲ್ಲಿ ಬಂದ ದನಿಯನ್ನು ಪರಕೀಯ ಎಂದು ತಳ್ಳಿಹಾಕಲು ತತ್ತ್ವದ ಆಧಾರ ಸಾಲದು.

ಧರ್ಮದ ಪ್ರಶ್ನೆ ಇಷ್ಟಕ್ಕೆ ಮುಗಿಯುವುದಿಲ್ಲ. ಅದನ್ನು ಅತ್ಯಂತ ಗಂಭೀರವಾಗಿ ಎದುರಿಸಿದವರು ಭಾರತದ ಮುಸ್ಲಿಂ ವಿದ್ವಾಂಸರು. ನಮಾಜಿನಲ್ಲಿ ಇಮಾಮರ ತಕ್ಬೀರ್ ಕೇಳಿ ಹಿಂದಿನವರು ಬಾಗಬೇಕು, ಏಳಬೇಕು. ದೂರದ ಸಾಲಿನವರಿಗೆ ಕೇಳಿಸಲೆಂದು ನಡುವೆ ನಿಂತ ಮುಕಬ್ಬಿರ್ ಅದನ್ನೇ ಗಟ್ಟಿಯಾಗಿ ಮರುನುಡಿಯುವ ಪದ್ಧತಿ ಹಳೆಯದು. ಆದರೆ ಮುಕಬ್ಬಿರ್ ತಾನೂ ಅದೇ ನಮಾಜಿನಲ್ಲಿ ಇರಬೇಕು. ಹೊರಗಿನವನ ಸೂಚನೆ ಕೇಳಿ ಬಾಗಿದರೆ ನಮಾಜು ಕೆಡುತ್ತದೆ. ಧ್ವನಿವರ್ಧಕ ಬಂದಾಗ ಪ್ರಶ್ನೆ ಈ ನೆಲೆಯಲ್ಲೇ ಎದ್ದಿತು. ಸ್ಪೀಕರಿನಿಂದ ಬಂದದ್ದು ಇಮಾಮರದೇ ದನಿ, ಹೆಚ್ಚಾದದ್ದಷ್ಟೇ ಎಂದಾದರೆ ತೊಂದರೆಯಿಲ್ಲ. ಅದು ಯಂತ್ರ ಹೊಸದಾಗಿ ಹುಟ್ಟಿಸಿದ ದನಿ ಎಂದಾದರೆ ನಮಾಜಿನಲ್ಲಿ ಇಲ್ಲದ ಒಂದು ವಸ್ತುವನ್ನು ಅನುಸರಿಸಿದಂತೆ. ಹನಫಿ ಶಾಸ್ತ್ರದಲ್ಲಿ ಇದಕ್ಕೆ ಹಳೆಯ ಮೇಲ್ಪಂಕ್ತಿಯೂ ಇತ್ತು: ಸಜ್ದಾದ ಆಯತ್ತನ್ನು ಓದುವವನ ಬಾಯಿಂದ ಕೇಳಿದವನಿಗೆ ಸಜ್ದಾ ಕಡ್ಡಾಯ, ಪ್ರತಿಧ್ವನಿಯಿಂದ ಅಥವಾ ಮಾತು ಕಲಿತ ಹಕ್ಕಿಯಿಂದ ಕೇಳಿದವನಿಗೆ ಅಲ್ಲ. ಯಂತ್ರದ ದನಿ ಓದುವವನ ಕಡೆಗೋ, ಬೆಟ್ಟದ ಪ್ರತಿಧ್ವನಿಯ ಕಡೆಗೋ? ಅಶ್ರಫ್ ಅಲಿ ಥಾನ್ವಿ ಅವರು ಮೊದಲಿಗೆ ನಮಾಜಿನಲ್ಲಿ ಇದರ ಬಳಕೆಯನ್ನು ಒಪ್ಪಲಿಲ್ಲ. ಮುಂದೆ ಮುಫ್ತಿ ಮುಹಮ್ಮದ್ ಶಫಿ ಅವರು ಧ್ವನಿಶಾಸ್ತ್ರ ಬಲ್ಲವರ ವಿವರಣೆಯನ್ನು ಆಧರಿಸಿ, ಅದು ಇಮಾಮರದೇ ದನಿ ಎಂಬ ಪಕ್ಷವನ್ನು ಒಪ್ಪಿ, ನಮಾಜು ಸಲ್ಲುತ್ತದೆ ಎಂದರು. ಯಂತ್ರವನ್ನು ಕುರಿತ ಒಂದು ಭೌತಿಕ ಸಂಗತಿಗಾಗಿ ವಿದ್ವಾಂಸರು ಪ್ರಯೋಗಶಾಲೆಯವರನ್ನು ಕೇಳಿದ ಈ ವಿನಯ ಗೌರವಕ್ಕೆ ಅರ್ಹವಾದದ್ದು.

ಡಿಜಿಟಲ್ ಜಾಲ ಆ ತೀರ್ಪನ್ನು ಮತ್ತೆ ಅಲುಗಿಸುತ್ತದೆ. ಹಳೆಯ ಧ್ವನಿವರ್ಧಕದಲ್ಲಿ ದನಿಯ ಏರಿಳಿತ ಮೊದಲಿಂದ ಕೊನೆಯವರೆಗೆ ಕಡಿಯದೆ ಹರಿಯುತ್ತಿತ್ತು. ಜಾಲದಲ್ಲಿ ಅದು ನಡುವೆ ಸಂಖ್ಯೆಯಾಗಿ ನಿಲ್ಲುತ್ತದೆ. ಸಂಖ್ಯೆಯನ್ನು ಕೂಡಿಡಬಹುದು. ಸ್ವೀಕರಿಸುವ ಉಪಕರಣ ಕೂಡ ತಡವಾಗಿ ಬಂದ ಪ್ಯಾಕೆಟ್ಟಿಗೆ ಕಾಯಲೆಂದು ಅರ್ಧ, ಒಂದು, ಎರಡು ಅಥವಾ ಐದು ಮಿಲಿಸೆಕೆಂಡಿನಷ್ಟು ದನಿಯನ್ನು ಬಫರಿನಲ್ಲಿ ಇಟ್ಟುಕೊಂಡೇ ಹೊರಗೆ ಬಿಡುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಜಾಲದ ಪ್ರತಿ ದನಿಯೂ ಅತಿ ಚಿಕ್ಕ ಮುದ್ರಿಕೆ. ಮುದ್ರಿತ ನಮಾಜನ್ನು ಅನುಸರಿಸುವಂತಿಲ್ಲ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಹಾಗಾದರೆ ಗೆರೆ ಎಲ್ಲಿ?

ಗಾಳಿಯ ಲೆಕ್ಕ ಇಲ್ಲಿ ನೆರವಾಗುತ್ತದೆ. ಬೆಂಗಳೂರಿನ ಹಿತವಾದ ಹವೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ. ಒಂದು ಮಿಲಿಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್, ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಮೂವತ್ತು ಮೀಟರ್ ದೂರದಲ್ಲಿ ಬರಿಗಿವಿಯಲ್ಲಿ ಕೇಳುವವನಿಗೆ ದನಿ ಸುಮಾರು 87 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಒಂದು ಮಿಲಿಸೆಕೆಂಡಿನ ಬಫರ್ ಅಂದರೆ ಒಂದು ಹೆಜ್ಜೆಯೂ ಅಲ್ಲದಷ್ಟು ಹಿಂದೆ ಸರಿದು ಕೂತಂತೆ. ತಡವೇ ದೋಷವಾದರೆ ಯಂತ್ರವಿಲ್ಲದ ಕಾಲದ ಹಿಂದಿನ ಸಾಲಿನವರೆಲ್ಲರ ಪ್ರಾರ್ಥನೆಯೂ ಕೆಟ್ಟಿರಬೇಕಿತ್ತು. ಗೆರೆಯನ್ನು ಮಿಲಿಸೆಕೆಂಡುಗಳಲ್ಲಿ ಎಳೆಯಲು ಬರುವುದಿಲ್ಲ. ಕೇಳಿದವನ ಪ್ರತಿಸ್ಪಂದನ ಅದೇ ಕ್ರಿಯೆಯೊಳಗೆ ಸೇರಿಕೊಳ್ಳಬಲ್ಲುದೇ ಎಂಬುದರಿಂದ ಎಳೆಯಬೇಕು. ಇಮಾಮರು ಏಳುವ ಮುನ್ನ ಹಿಂದಿನವನು ಬಾಗಬಲ್ಲನೇ, ಪಾದ್ರಿ ಮುಂದಿನ ಮಾತಿಗೆ ಹೋಗುವ ಮುನ್ನ ಆಮೆನ್ ಮುಗಿಯುವುದೇ, ಆರತಿ ಇಳಿಯುವ ಮುನ್ನ ಕೈ ಮುಗಿಯಲು ಬರುವುದೇ? ಹೌದಾದರೆ ಇಬ್ಬರೂ ಒಂದೇ ಕಾಲದಲ್ಲಿದ್ದಾರೆ. ಇಂಟರ್ನೆಟ್ಟಿನ ನೇರಪ್ರಸಾರ ಹಲವು ಸೆಕೆಂಡು ಹಿಂದೆ ಬೀಳುವುದರಿಂದ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಒಂದೇ ಕಟ್ಟಡದ ಜಾಲ ಗೆಲ್ಲುತ್ತದೆ. ಉಪಕರಣಗಳು ಒಂದು ಗಡಿಯಾರಕ್ಕೆ ಒಪ್ಪಿಕೊಳ್ಳದೆ ದನಿ ಹುಟ್ಟದು ಎಂಬುದಕ್ಕೂ, ಜನ ಒಂದು ಕಾಲಕ್ಕೆ ಒಪ್ಪಿಕೊಳ್ಳದೆ ಸಾಮೂಹಿಕ ಪ್ರಾರ್ಥನೆ ಹುಟ್ಟದು ಎಂಬುದಕ್ಕೂ ಇರುವ ಹೊಂದಿಕೆ ಆಕಸ್ಮಿಕವಲ್ಲ.

ಕಾಲದಷ್ಟೇ ಸ್ಥಳವೂ ಮುಖ್ಯ ಎನ್ನುತ್ತದೆ ಹನಫಿ ಶಾಸ್ತ್ರ. ಇಮಾಮರ ಮತ್ತು ಅನುಸರಿಸುವವರ ಸ್ಥಳ ಒಂದಾಗಿರಬೇಕು. ನಡುವೆ ಗಾಡಿ ಹೋಗುವಷ್ಟು ಅಗಲದ ರಸ್ತೆಯೋ ದೋಣಿ ಸಾಗುವಂಥ ಹೊಳೆಯೋ ಇದ್ದು, ಸಾಲುಗಳು ಅದನ್ನು ದಾಟಿ ಕೂಡಿಕೊಂಡಿರದಿದ್ದರೆ ಅನುಸರಣೆ ಸಲ್ಲದು. ಟ್ಯಾನರಿ ರಸ್ತೆಯ ಒಂದು ಬದಿಯ ಮಸೀದಿಯಿಂದ ಎದುರು ಬದಿಯ ಕಟ್ಟಡಕ್ಕೆ ಫೈಬರ್ ಎಳೆದು ಇಮಾಮರ ದನಿಯನ್ನು ಒಂದೇ ಮಿಲಿಸೆಕೆಂಡಿನಲ್ಲಿ, ಕಿಂಚಿತ್ತೂ ಕೆಡದಂತೆ ಮುಟ್ಟಿಸಬಹುದು. ಆದರೂ ನಡುವಣ ರಸ್ತೆಯಲ್ಲಿ ಸಾಲು ಇಲ್ಲದಿದ್ದರೆ ಈ ನಿಯಮದ ಪ್ರಕಾರ ಎದುರಿನವರ ಜಮಾತು ಕೂಡುವುದಿಲ್ಲ. ದನಿ ದಾಟಿತು, ಸಾಲು ದಾಟಲಿಲ್ಲ. ತತ್ತ್ವದ ಉತ್ತರ ಧರ್ಮದ ಉತ್ತರವಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ. ಹೆಗಲಿಗೆ ಹೆಗಲು ತಾಗುವುದನ್ನು ಪ್ರಾರ್ಥನೆಯ ಅಂಗವೆಂದು ತಿಳಿದ ಧರ್ಮ ಅದನ್ನು ಕೇಬಲಿಗೆ ಒಪ್ಪಿಸದಿರುವುದು ನ್ಯಾಯವಾಗಿದೆ.

ಕ್ಯಾಥೊಲಿಕ್ ಚರ್ಚು ಬೇರೆ ದಾರಿಯಿಂದ ಇದೇ ವಿವೇಚನೆಗೆ ಬಂದಿತು. ಎದುರಿಗಿಲ್ಲದವನಿಗೆ ಪತ್ರದ ಮೂಲಕ ಪಾಪಕ್ಷಮೆ ಕೊಡುವುದು ಸಲ್ಲದು ಎಂದು ಪೋಪ್ ಎಂಟನೆಯ ಕ್ಲೆಮೆಂಟ್ 1602ರಲ್ಲಿ ನಿಷೇಧಿಸಿದರು. ಫೋನು ಬಂದಾಗಲೂ ಆ ನಿಲುವು ಸಡಿಲವಾಗಲಿಲ್ಲ. ಸಂಸ್ಕಾರಕ್ಕೆ ಸಾನ್ನಿಧ್ಯ ಬೇಕು. ಆಶೀರ್ವಾದದ ಮಾತು ಹಾಗಲ್ಲ: ಪೋಪರ ಹಬ್ಬದ ಆಶೀರ್ವಾದ ಮತ್ತು ಅದರ ಜೊತೆಗಿನ ದಂಡವಿಮೋಚನೆ ರೇಡಿಯೋ ಟಿವಿಯಲ್ಲಿ ಭಕ್ತಿಯಿಂದ ಕೇಳುವವರಿಗೂ ಸಲ್ಲುತ್ತದೆಂಬುದು 1985ರ ಹೊತ್ತಿಗೆ ವಿಧಿಯಾಗಿ ನೆಲೆಗೊಂಡಿತು. ಶಿವಾಜಿನಗರದ ಬೀದಿಯಲ್ಲಿ ನಿಂತ ಯಾತ್ರಿಕರು ಈ ಎರಡರ ನಡುವಿನ ಜಾಗದಲ್ಲಿದ್ದಾರೆ. ಪ್ರವಚನ ಕೇಬಲಿನಲ್ಲಿ ಬರುತ್ತದೆ. ಪರಮಪ್ರಸಾದವನ್ನು ಯಾರೋ ನಡೆದು ತಂದು ಕೊಡಲೇಬೇಕು.

ದನಿ ಎಲ್ಲಿಂದ ಬಂದಂತೆ ಕೇಳಿಸಬೇಕು ಎಂಬುದೂ ಈ ವಿಚಾರದ ಭಾಗ. ದೊಡ್ಡ ಸಭಾಂಗಣದ ಹಿಂಬದಿಯ ಸ್ಪೀಕರಿಗೆ ತಡ ಕೊಡದಿದ್ದರೆ, ವೇದಿಕೆಯ ದನಿ ಗಾಳಿಯಲ್ಲಿ ಬರುವ ಮೊದಲೇ ಸ್ಪೀಕರು ಮಾತಾಡಿಬಿಡುತ್ತದೆ. ಕೇಳುಗನ ಮನಸ್ಸು ಮೊದಲು ಬಂದದ್ದನ್ನೇ ಮೂಲವೆಂದು ಹಿಡಿಯುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ಸಂಶೋಧಕ 1949ರಲ್ಲಿ ಇದನ್ನು ಅಳೆದು ತೋರಿಸಿದರು: ಎರಡನೆಯ ದನಿ ಹತ್ತಿಪ್ಪತ್ತು ಮಿಲಿಸೆಕೆಂಡ್ ತಡವಾಗಿ ಬಂದರೆ, ಅದು ಮೊದಲನೆಯದಕ್ಕಿಂತ ತುಸು ಜೋರಾಗಿದ್ದರೂ, ಕಿವಿ ಮೊದಲ ದನಿಯ ಕಡೆಗೇ ತಿರುಗುತ್ತದೆ. ಜಾಲದ ಮಿಕ್ಸರಿನಲ್ಲಿ ಪ್ರತಿ ಸ್ಪೀಕರಿಗೂ ಅದರ ದೂರಕ್ಕೆ ತಕ್ಕ ತಡ, ಅದರ ಮೇಲೆ ಹತ್ತು ಹದಿನೈದು ಮಿಲಿಸೆಕೆಂಡ್ ಸೇರಿಸಿದರೆ, ದನಿ ಗೋಡೆಯಿಂದ ಬರದೆ ಬಲಿಪೀಠದಿಂದ, ಮಿಂಬರಿನಿಂದ, ಗರ್ಭಗುಡಿಯಿಂದ ಬಂದಂತಾಗುತ್ತದೆ. ಇದನ್ನು ಭ್ರಮೆ ಎನ್ನುವವರಿದ್ದಾರೆ. ಭ್ರಮೆ ಇರುವುದು ತಡ ಕೊಡದ ವ್ಯವಸ್ಥೆಯಲ್ಲಿ, ಏಕೆಂದರೆ ಅಲ್ಲಿ ಗೋಡೆ ಮಾತಾಡುತ್ತದೆ. ಭಕ್ತನ ಮುಖ ಆಡುವವರ ಕಡೆ ತಿರುಗಿಸುವುದು ಸತ್ಯಕ್ಕೆ ಹತ್ತಿರವಾದ ಕೆಲಸ.

ಇದರಿಂದ ನೆರೆಹೊರೆಗೂ ಒಳಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಸಲ್ಲದು. ಅದೇ ವರ್ಷ ಚೆನ್ನೈನ ಒಂದು ಚರ್ಚಿನ ಮೊಕದ್ದಮೆಯಲ್ಲಿ, ಇತರರ ನೆಮ್ಮದಿ ಕೆಡಿಸಿ ಧ್ವನಿವರ್ಧಕದಲ್ಲಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಗೋಪುರದ ಮೇಲಿನ ಒಂದು ದೊಡ್ಡ ಹಾರ್ನಿನ ಬದಲು ಕೂತವರ ಸಮೀಪವೇ ಹಲವು ಸಣ್ಣ ಸ್ಪೀಕರುಗಳನ್ನು ಮೆಲುದನಿಯಲ್ಲಿ, ಸರಿಯಾದ ತಡದಲ್ಲಿ ನುಡಿಸುವುದು ಜಾಲದಿಂದ ಸುಲಭವಾಗಿದೆ. ಬಾಣಸವಾಡಿ, ಕಮ್ಮನಹಳ್ಳಿಗಳಂಥ ಒತ್ತಾದ ಬೀದಿಗಳಲ್ಲಿ ಇದು ಅಂದಚಂದದ ಮಾತಲ್ಲ, ಪಕ್ಕದ ಮನೆಯ ರೋಗಿಗೂ ಓದುವ ಮಕ್ಕಳಿಗೂ ಸಲ್ಲಬೇಕಾದ ಧರ್ಮ.

ಪ್ಯಾಕೆಟ್ ಕಳೆದುಹೋದಾಗ ಏನಾಗಬೇಕು ಎಂಬುದು ಇನ್ನೊಂದು ಪ್ರಶ್ನೆ. ಫೋನು ಮತ್ತು ವಿಡಿಯೋ ಕರೆಯ ತಂತ್ರಾಂಶಗಳು ಕಳೆದ ಜಾಗದಲ್ಲಿ ಹಿಂದುಮುಂದಿನ ದನಿ ನೋಡಿ ಊಹಿಸಿದ ದನಿಯನ್ನು ತುಂಬುತ್ತವೆ. ಗದ್ದಲ ಕಳೆಯುವ ಹೆಸರಿನಲ್ಲಿ ತಂಬೂರಿಯ ಶ್ರುತಿಯನ್ನೂ ಗಂಟೆಯ ಅನುರಣನವನ್ನೂ ಅಳಿಸಿಬಿಡುತ್ತವೆ. ಕೇಳುಗನಿಗೆ ಹಿತವೆನಿಸಿದರೂ ಅಲ್ಲಿ ಯಾರೂ ಆಡದ ದನಿ ಆಡಿದವರ ಹೆಸರಿನಲ್ಲಿ ಸೇರಿಕೊಂಡಿರುತ್ತದೆ. ಸ್ವರವೊಂದು ತಪ್ಪಿದ್ದಕ್ಕೆ ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನಿಂದಲೇ ಸತ್ತ ಕಥೆಯನ್ನು ಪತಂಜಲಿ ವ್ಯಾಕರಣದ ಪ್ರಯೋಜನ ಹೇಳುವಾಗ ನೆನೆಯುತ್ತಾನೆ. ಆ ಪರಂಪರೆಗೆ ಊಹೆಯ ಅಕ್ಷರ ಒಪ್ಪಿಗೆಯಾಗದು. ವೃತ್ತಿಪರ ಜಾಲದ ಉಪಕರಣಗಳು ಸಾಮಾನ್ಯವಾಗಿ ಊಹಿಸುವುದಿಲ್ಲ. ಪ್ಯಾಕೆಟ್ ಬಾರದಿದ್ದರೆ ಅಲ್ಲಿ ಸದ್ದು ಕಡಿಯುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಮಂತ್ರ, ತಿಲಾವತ್, ವ್ರತವಚನಗಳ ಮಟ್ಟಿಗೆ ಆ ಕಡಿತವೇ ಮೇಲು. ಬಿಟ್ಟುಹೋದದ್ದನ್ನು ಮತ್ತೆ ಹೇಳಿಸಬಹುದು, ಹುಸಿಯಾಗಿ ಸೇರಿದ್ದನ್ನು ತೆಗೆಯಲು ಬರುವುದಿಲ್ಲ.

ಕೊನೆಯದು ಭಾಷೆಯ ವಿಚಾರ. ಒಂದೇ ಕೇಬಲಿನಲ್ಲಿ ಹತ್ತಾರು ಚಾನೆಲ್ಲುಗಳು ಸಾಗುವುದರಿಂದ ಮೂಲದ ಜೊತೆಗೇ ಕನ್ನಡ, ತಮಿಳು, ಮಲಯಾಳಂ, ಇಂಗ್ಲಿಷ್ ಅನುವಾದಗಳನ್ನು ಬೇರೆ ಬೇರೆ ಕಿವಿಗಳಿಗೆ ಮುಟ್ಟಿಸಬಹುದು. ಹಲವು ನುಡಿಗಳ ಈ ಭಾಗಕ್ಕೆ ಇದು ದೊಡ್ಡ ಅನುಕೂಲ. ತೀರ್ಥಂಕರನ ದಿವ್ಯಧ್ವನಿಯನ್ನು ಸಮವಸರಣದಲ್ಲಿ ನೆರೆದವರೆಲ್ಲ ತಂತಮ್ಮ ಭಾಷೆಯಲ್ಲಿ ಅರಿತರು ಎಂದು ಜೈನ ಪುರಾಣಗಳು ಹೇಳುತ್ತವೆ. ಪಂಪ 941ರಲ್ಲಿ ಮುಗಿಸಿದ ‘ಆದಿಪುರಾಣ’ದಲ್ಲೂ ಸಮವಸರಣದ ವರ್ಣನೆಯಿದೆ. ಪ್ರೇಷಿತರ ಕಾರ್ಯಗಳ ಪುಸ್ತಕದಲ್ಲಿ ಪಂಚಾಶತ್ತಮ ದಿನದಂದು ನಾನಾ ದೇಶದವರು ತಮ್ಮ ತಮ್ಮ ನುಡಿಯಲ್ಲೇ ಕೇಳಿದರು. ಎರಡು ಪ್ರಸಂಗಗಳಲ್ಲೂ ಆಡಿದವರು ಬೇರೆ, ತಿಳಿಸಿದವರು ಬೇರೆ ಎಂಬ ಅಂತರವನ್ನು ದೈವವೇ ಅಳಿಸಿತ್ತು. ಅನುವಾದಕನ ಬೂತಿನಲ್ಲಿ ಆ ಅಂತರ ಮರಳಿ ಬರುತ್ತದೆ. ಹೆಡ್‌ಫೋನಿನಲ್ಲಿ ಕೇಳಿಸುವ ಕನ್ನಡ ನಿಶ್ಚಯವಾಗಿ ಬೇರೊಬ್ಬರ ದನಿ, ಬೇರೊಬ್ಬರ ಇಷ್ಟದಿಂದ ಹುಟ್ಟಿದ್ದು. ಮೇಲೆ ಹೇಳಿದ ಯಾವ ದರ್ಶನದ ವಾದವೂ ಅದನ್ನು ಮೂಲದ ದನಿ ಎಂದು ಸಾಧಿಸಲಾರದು. ಅದನ್ನು ಕೇಳಿ ಒಪ್ಪಿಗೆ ಕೊಟ್ಟರೆ ಸಲ್ಲುತ್ತದೆಯೇ? 1983ರ ಕ್ಯಾಥೊಲಿಕ್ ಧರ್ಮಸಂಹಿತೆ ವಿವಾಹದ ಸಂದರ್ಭದಲ್ಲಿ ಇದಕ್ಕೆ ವಿಧಿ ಹೇಳಿದೆ. ವಧೂವರರು ಒಟ್ಟಿಗೆ ಹಾಜರಿರಬೇಕು, ಖುದ್ದಾಗಿಯೋ ಪ್ರತಿನಿಧಿಯ ಮೂಲಕವೋ. ದುಭಾಷಿಯ ಮೂಲಕ ವಿವಾಹ ನಡೆಯಬಹುದು. ಆದರೆ ಆ ದುಭಾಷಿ ನಂಬಿಕಸ್ತನೆಂದು ಖಚಿತವಾಗದ ಹೊರತು ಧರ್ಮಗುರು ಆ ವಿವಾಹವನ್ನು ನಡೆಸಿಕೊಡಬಾರದು.